ಮೆಡಿಕಲ್ಸ್ ಫ್ರಿಜ್ಜಿನ ಮೇಲೆ ಅನುಮಾನ

ಔಷಧಿ ಅಂಗಡಿಯ ಫ್ರಿಜ್ಜುಗಳನ್ನು ನಾನು ನಂಬೋದಿಲ್ಲ. ಹೋದ ಮಳೆಗಾಲ ಫ್ಲೂ ಇಂಜೆಕ್ಷನ್ ಬೇಕು ಅಂದಾಗ ಚಾಮರಾಜಪೇಟೆಯ ನಮ್ಮ ಡಾಕ್ಟರು, "ಮುಂದಿನ ಕ್ರಾಸಿನ ಮೆಡಿಕಲ್ಸ್‌ನಿಂದ ನೀವೇ ತಗೊಂಬನ್ನಿ, ಚುಚ್ತೀನಿ" ಅಂದರು.

ಅಂಗಡಿಯವರು ಫ್ರಿಜ್ಜು ತೆಗೆದಾಗ ಇಣುಕಿ ನೋಡಿದೆ. ಲಸಿಕೆಯ ಡಬ್ಬಿಗಳ ಪಕ್ಕದಲ್ಲೇ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ಇತ್ತು. ನನಗೆ ಅಷ್ಟೇ ಸಾಕಾಯ್ತು.

"ನಿನ್ನೆ ಮಧ್ಯಾಹ್ನ ಕರೆಂಟ್ ಹೋಗಿತ್ತಲ್ಲ?"

"ಯುಪಿಎಸ್ ಇದೆ ಸಾರ್."

"ಫ್ರಿಜ್ಜಿಗೋ, ಬರೀ ಲೈಟಿಗೋ?"

ಅವರು ಒಳಗಿಟ್ಟಿದ್ದ ಥರ್ಮಾಮೀಟರ್ ತೋರಿಸಿದರು. ಅದೂ ಕೆಟ್ಟಿರಬಹುದು ಅಂತ ತಟ್ಟಿ ನೋಡಿದೆ. ಕೊನೆಗೆ ಲಸಿಕೆಯನ್ನು ಐಸ್ ಪ್ಯಾಕ್ ಜೊತೆ ಕವರಿಗೆ ಹಾಕಿ ಕೊಟ್ಟು, "ಸೀದಾ ಡಾಕ್ಟರ ಹತ್ರ ಹೋಗಿ" ಅಂದರು.

ದಾರಿಯಲ್ಲಿ ಹೋಟೆಲ್ ಮುಂದೆ ಹಳೇ ಗೆಳೆಯ ಸಿಕ್ಕಿದ. ಬೈಟು ಕಾಫಿ ಕುಡೀತಾ ಆ ಫ್ರಿಜ್ಜಿನ ಕಥೆಯನ್ನೇ ಅವನಿಗೆ ವಿವರವಾಗಿ ಹೇಳಿದೆ. ಕವರು ಅಷ್ಟೂ ಹೊತ್ತು ಬಿಸಿಲಲ್ಲಿ ಅವನ ಸ್ಕೂಟರ್ ಸೀಟಿನ ಮೇಲಿತ್ತು.

ಡಾಕ್ಟರು ಕವರು ಮುಟ್ಟಿ ನೋಡಿ, "ಬೆಚ್ಚಗಾಗಿದೆ, ಇದನ್ನ ಚುಚ್ಚಲ್ಲ" ಅಂದರು.

"ಆ ಫ್ರಿಜ್ಜಿನ ಮೇಲೆ ನನಗೆ ಆಗ್ಲೇ ಅನುಮಾನ ಬಂದಿತ್ತು," ಅಂದೆ.

"ನೀವು ಹೊರಟ್ರಿ ಅಂತ ಅವರು ಫೋನ್ ಮಾಡಿ ಮುಕ್ಕಾಲು ಗಂಟೆ ಆಯ್ತು. ಎಲ್ಲಿದ್ರಿ?"

ಹೋಟೆಲ್ ಕಾಫಿಯ ವಿಷಯ ಹೇಳಲೇಬೇಕಾಯ್ತು; ಡಾಕ್ಟರು ಅದನ್ನು ಅಂಗಡಿಗೂ ಫೋನ್ ಮಾಡಿ ತಿಳಿಸಿದರು. ಇನ್ನೊಂದು ತರೋಕೆ ಹೋದೆ. ಈ ಸಲ ಅಂಗಡಿಯವರು ಕವರನ್ನು ನನ್ನ ಕೈಗೆ ಕೊಡಲಿಲ್ಲ. ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ, ತಾವೇ ಹಿಡಿದುಕೊಂಡು ನನ್ನ ಜೊತೆ ಬಂದರು. ಹೋಟೆಲ್ ಹತ್ತಿರವಾದಾಗ ನನ್ನನ್ನು ರಸ್ತೆ ದಾಟಿಸಿ ಆಚೆ ಬದಿಯಲ್ಲಿ ನಡೆಸಿಕೊಂಡು ಹೋದರು.