ಲೀಲಾಧರರ ಕಿವಿಗೆ ಸಿಗದ ಪೈಪು

ಬೆಳಗಿನ ಐದೂವರೆ. ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಲಾರಿಗಳಿನ್ನೂ ಎದ್ದಿಲ್ಲ. ಐವತ್ತೆಂಟರ ಲೀಲಾಧರ ಗೋಣಿಚೀಲ ಹಾಸಿ ಹಳೆಯ ಕೆಂಪು ಕಾರಿನ ಪಕ್ಕ ಮಲಗಿದ್ದಾರೆ. ಬಾಗಿಲ ಕೆಳಗೆ ಉದ್ದಕ್ಕೂ ಸಾಗಿದ ಹೊಗೆಕೊಳವೆಯನ್ನು ಪಾನಾ ಎಂಬ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟುವುದು, ಬಲಗಿವಿ ಹಚ್ಚುವುದು, ಮತ್ತೆ ತಟ್ಟುವುದು. "ಲಾರಿ ಶುರುವಾದ ಮೇಲೆ ಪೈಪ್ ಹೇಳೂದು ನಂಗೆ ಕೇಳೂದಿಲ್ಲ ಮಾರಾಯ್ರೆ. ಅದಕ್ಕೇ ಮೊದಲ ಬಸ್ಸಿಗೆ ಬರೂದು," ಎನ್ನುತ್ತಾರೆ.

ಇಂಥ ಕಾರುಗಳ ಕೊಳವೆಯೊಳಗೆ ಸದ್ದು ತಗ್ಗಿಸಲು ಇನ್ನೊಂದು ನಳಿಗೆ ಇರುತ್ತದೆ. ಮೈತುಂಬ ತೂತು, ಮೇಲೆ ಗಾಜಿನ ಉಣ್ಣೆಯ ಸುತ್ತು. ಇನ್ಸರ್ಟ್ ಎನ್ನುತ್ತಾರೆ. ಉಣ್ಣೆ ಸುಟ್ಟಾಗ ಹೊರತೆಗೆದು ಹೊಸದಾಗಿ ಸುತ್ತಬೇಕು. ಮಸಿ, ತುಕ್ಕು ಸೇರಿ ಅದು ಒಳಗೇ ಕಚ್ಚಿಕೊಂಡರೆ ಠಾಣೆ, ಕಲ್ಯಾಣದ ಗ್ಯಾರೇಜುಗಳಿಗೂ ಕಬ್ಬಿಣದ ಕಡಲೆ; ಎಲ್ಲರೂ ಲೀಲಾಧರರ ಕಡೆ ಕೈತೋರಿಸುತ್ತಾರೆ. ಎಣ್ಣೆ ಕುಡಿಸಿ, ಒರೆಸಿ, ಹೊರಕೊಳವೆಯನ್ನಷ್ಟೇ ಕಾಯಿಸಿ, ಮೊದಲು ತಿರುಚಿ ಆಮೇಲೆ ಎಳೆಯುವುದು ಅವರ ಕ್ರಮ. ಎಲ್ಲಿ ಕಚ್ಚಿದೆ ಎಂಬುದು ಸದ್ದಿನಲ್ಲೇ ತಿಳಿಯಬೇಕು: ಬಿಡುವಿದ್ದಲ್ಲಿ ಟಣ್, ಕಚ್ಚಿದಲ್ಲಿ ಡಬ್.

ಇಪ್ಪತ್ತೊಂಬತ್ತು ವರ್ಷ, ದಿನಕ್ಕೆ ಐದಾರು ಸೈಲೆನ್ಸರ್. ಊರ ಗಾಡಿಗಳ ಬಾಯಿ ಮುಚ್ಚಿಸುತ್ತ ಅವರ ಎಡಗಿವಿಯೇ ಮುಚ್ಚಿಹೋಗಿದೆ, ಬಲಗಿವಿ ಅರ್ಧ. ಕೋಪರಖೈರಣೆಯ ಮನೆಯಲ್ಲಿ ಹೆಂಡತಿ ಮೋಹಿನಿ ತುಳುವಿನಲ್ಲಿ ಕೂಗಿ ಕೂಗಿ ಸೋತು, ಈಗ ಬಂದು ಭುಜ ತಟ್ಟುತ್ತಾರೆ. ಕಳೆದ ತಿಂಗಳು ಒಂದು ಕಾರಿನಲ್ಲಿ ಕಚ್ಚಿದ ಜಾಗ ಕಿವಿಗೆ ಸಿಗದೆ ಎಳೆದುಬಿಟ್ಟರು. ಗಿರಾಕಿಯ ಕೊಳವೆ ಬೆಸುಗೆಯುದ್ದಕ್ಕೂ ಸೀಳಿತು. "ಮೂರು ದಿನ ಊಟ ಸೇರ್ಲಿಲ್ಲ. ಇದೂ ಸೀಳಿದ್ರೆ ಪಾನಾ ಕೆಳಗಿಡೂದೇ ಅಂತ ಮೋಹಿನಿಗೆ ಹೇಳಿ ಬಂದಿದ್ದೇನೆ. ಸಾಕಾಯ್ತು."

ಇಂದಿನದು ಡೊಂಬಿವಲಿಯ ಸುಮೇಧಾ ಅವರ ಕಾರು, ತೀರಿಹೋದ ಅಪ್ಪನದು. ಈ ಕೊಳವೆಗೆ ಬದಲಿ ಎಲ್ಲೂ ಸಿಗದು. ಬಲಬದಿಯ ನಳಿಗೆ ನಿನ್ನೆಯೇ ಬಂತು, ಎಡಬದಿಯದು ಹಟ ಹಿಡಿದಿದೆ. ಆರೂವರೆಗೆ ಮೊದಲ ಲಾರಿ ಗುಡುಗುತ್ತದೆ, ಹಿಂದೆಯೇ ಸಾಲು. ಲೀಲಾಧರ ಪಾನಾ ನೆಲಕ್ಕಿಟ್ಟು ಎದ್ದು ಕೂರುತ್ತಾರೆ. "ರೆಹ್ನೇ ದೋ ಅಂಕಲ್, ಬಿಟ್ಬಿಡಿ," ಎನ್ನುತ್ತಾರೆ ಪಕ್ಕದಲ್ಲೇ ನಿಂತಿದ್ದ ಸುಮೇಧಾ.

ಲೀಲಾಧರರಿಗೆ ಅದೂ ಕೇಳಿಸಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕೊಳವೆಗೆ ಒತ್ತಿ, ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿ ತಟ್ಟುತ್ತಾರೆ. ಕಿವಿಗೆ ಸಿಗದ ಟಣ್, ಡಬ್ ಹಲ್ಲಿನ ಅದುರಿನಲ್ಲಿ ಸಿಗುತ್ತದೆ. ಗೇಣು ಗೇಣಾಗಿ ಸರಿಯುತ್ತಾರೆ. ಒಂದೆಡೆ ನಿಂತು ಸೀಮೆಸುಣ್ಣದ ಗುರುತು ಹಾಕುತ್ತಾರೆ. ಬೆಂಕಿ ಅಲ್ಲಿಗೆ ಮಾತ್ರ. ತಿರುಚುತ್ತಾರೆ, ತಡೆಯುತ್ತಾರೆ, ಮತ್ತೆ ತಿರುಚುತ್ತಾರೆ. ಏಳೂಕಾಲಿಗೆ ಮೊಳದುದ್ದದ ಕರಿ ನಳಿಗೆ ಪೂರ್ತಿ ಹೊರಬರುತ್ತದೆ. ಕೊಳವೆಗೆ ಒಂದು ಗೀರೂ ಆಗಿಲ್ಲ.

ಖುಷಿ ತಡೆಯಲಾರದೆ ಸುಮೇಧಾ ನಳಿಗೆಗಳಿಲ್ಲದೆಯೇ ಒಮ್ಮೆ ಕಾರು ಚಾಲು ಮಾಡುತ್ತಾರೆ. ಬೀದಿಯವರೆಲ್ಲ ಕಿವಿ ಮುಚ್ಚಿಕೊಳ್ಳುತ್ತಾರೆ. ಲೀಲಾಧರ ಮಾತ್ರ ಮಸಿಗೈಯನ್ನು ಕಾರಿನ ಮೈಗಿಟ್ಟು ನಿಂತಿದ್ದಾರೆ. ಇನ್ನೇನು ಆಸೆ ಎಂದು ಅವರನ್ನು ಕೂಗಿಯೇ ಕೇಳಬೇಕಾಗುತ್ತದೆ.

"ಆಸೆ ಎಂತದ್ದು? ಹಲ್ಲು ಗಟ್ಟಿ ಉಂಟು, ಕೆಲಸ ಇನ್ನೆರಡು ವರ್ಷ ಹೋದೀತು. ಮನೇಲಿ ಮೋಹಿನಿ ಕರೆದದ್ದು ಕೇಳಿದ್ರೆ ಸಾಕಿತ್ತು. ಅದಕ್ಕೆ ಹಲ್ಲು ಆಗೂದಿಲ್ಲ ಅಲ್ವಾ?"