ಫೈಲಕಾದಲ್ಲಿ ಸಿಕ್ಕ ಇನ್ನೊಬ್ಬ ಅಂತೋನಿ

ಶುಕ್ರವಾರ ಬೆಳಿಗ್ಗೆ ಸಾಲ್ಮಿಯಾದಿಂದ ಫೈಲಕಾ ದ್ವೀಪದ ಫೆರಿ ಹತ್ತಿದಾಗ ನಾವು ಮೂವರಿದ್ದೆವು. ನನ್ನ ಪ್ರಕಾರ ಅದರಲ್ಲಿ ಒಬ್ಬರು ಹೆಚ್ಚು. ನಾನು, ನನ್ನ ತಂಗಿ ಐರಿನ್, ಮತ್ತು ಅವಳ ಜೊತೆ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಈಜಿಪ್ಟಿನ ಮರಿಯಂ. ಐರಿನ್‌ಳನ್ನು ಮಂಗಳೂರಿನಿಂದ ಕುವೈತಿಗೆ ಕರೆಸಿಕೊಂಡವಳು ನಾನು. ಗಂಡನೂ ನಾನೂ ಇರುವ ಹವಲ್ಲಿಯ ಫ್ಲಾಟಿನಲ್ಲಿ ಇಟ್ಟುಕೊಂಡು ಮೊದಲ ಚಳಿಗೆ ಸ್ವೆಟರ್ ಕೊಡಿಸಿದವಳೂ ನಾನೇ. ಈಗ ಅವಳು ಬಾಯಿ ತೆರೆದರೆ ಮರಿಯಂ ಹೀಗಂದಳು, ಮರಿಯಂ ಹಾಗಂದಳು. ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನಾಗಬೇಕು?

ಜನವರಿಯ ಕೊನೆ, ಮೂಗು ಕೊರೆಯುವ ಗಾಳಿ. ದ್ವೀಪ ತಲುಪಲು ಗಂಟೆಯ ಮೇಲಾಗುತ್ತದೆ. ಅವರಿಬ್ಬರೂ ಮೇಲಿನ ಡೆಕ್ಕಿನಲ್ಲಿ ಒಂದೇ ಶಾಲು ಹೊದ್ದು ಕುಳಿತರು. ನಾನು ಕೆಳಗೆ ತಿಂಡಿಯ ಚೀಲ ಕಾಯುತ್ತ, ಪೇಪರ್ ಕಪ್ಪಿನ ಸಪ್ಪೆ ಚಹಾ ಕುಡಿದೆ.

ಆದರೂ ಆ ದಿನ ನನಗೊಂದು ಧೈರ್ಯವಿತ್ತು. ಕೆಲವು ತಿಂಗಳಿಂದ ಐರಿನ್ ಸಂತ ಅಂತೋನಿಗೆ ತಪ್ಪದೆ ಪ್ರಾರ್ಥನೆ ಮಾಡುತ್ತಿದ್ದಳು. ನಮ್ಮ ಕಡೆ ಮದುವೆಯ ವಯಸ್ಸಿನ ಹುಡುಗಿ ಅಂತೋನಿಯ ಬೆನ್ನು ಹತ್ತಿದಳೆಂದರೆ ಬೇರೆ ಅರ್ಥವೇ ಇಲ್ಲ. ಬಾಲಯೇಸುವನ್ನು ಎತ್ತಿಕೊಂಡು ನಿಂತ ನಮ್ಮ ಸಂತ ಕಳೆದುಹೋದ ಬೀಗದ ಕೈಯನ್ನೂ ಹುಡುಕಿಕೊಡುತ್ತಾನೆ, ಸಿಗದ ವರನನ್ನೂ ಹುಡುಕಿಕೊಡುತ್ತಾನೆ. ನಾನು ತಡಮಾಡದೆ ಫಿಂಟಾಸಿನ ಗ್ರೇಸಿಬಾಯಿಯ ಮಗನನ್ನು ಗೊತ್ತುಮಾಡಿದ್ದೆ. ಆ ಸಂಜೆಯೇ ಅವರ ಮನೆಗೆ ಹೋಗುವುದಿತ್ತು. ಐರಿನ್‌ಗೆ ಮಾತ್ರ "ಕಾಫಿಗೆ ಕರೆದಿದ್ದಾರೆ" ಎಂದಷ್ಟೇ ಹೇಳಿದ್ದೆ.

ಫೈಲಕಾದಲ್ಲಿ ಇಳಿದಾಗ ಕಂಡದ್ದು ಇರಾಕ್ ಯುದ್ಧದ ಕಾಲಕ್ಕೆ ಖಾಲಿಯಾದ ಮನೆಗಳು. ಗೋಡೆಗಳ ತುಂಬ ಗುಂಡಿನ ತೂತು. ಪಿಕಪ್‌ನವನೊಬ್ಬ "ಚಲೋ ಭಾಭಿ, ಚರ್ಚ್ ನೋಡಿ ಬರೋಣ" ಎಂದು ಹತ್ತಿಸಿಕೊಂಡ. ಗೋಪುರ, ಗಂಟೆ ಏನಾದರೂ ಇದ್ದೀತು ಅಂದುಕೊಂಡಿದ್ದೆ. ದ್ವೀಪದ ನಡುವೆ ಬೇಲಿಯ ಪಕ್ಕ ನಿಲ್ಲಿಸಿ ತೋರಿಸಿದ್ದು ಮೊಣಕಾಲೆತ್ತರದ ಮಣ್ಣುಬಣ್ಣದ ಗೋಡೆಗಳು, ಅಷ್ಟೇ. ಸಾವಿರ ವರ್ಷಕ್ಕೂ ಹಿಂದೆ ಇಲ್ಲಿ ಕ್ರೈಸ್ತ ಸನ್ಯಾಸಿಗಳ ಮಠವಿತ್ತಂತೆ. ಮರಿಯಂ ಶಿಲುಬೆಯ ಗುರುತು ಮಾಡಿದಳು. ಐರಿನ್ ಕೂಡ ಮಾಡಿದಳು, ನಮ್ಮ ಹಾಗಲ್ಲ, ಮರಿಯಂಳ ಹಾಗೆ ಒಂದೇ ಬೆರಳು ಚಾಚಿ, ಆಮೇಲೆ ನಾಚಿ ಕೈ ಇಳಿಸಿದಳು.

ಊಟಕ್ಕೆ ಕುಳಿತೆವು. ನಾನು ಬೆಳಗಿನ ಜಾವ ಎದ್ದು ಇಡ್ಲಿಯಂಥ ಸಾನ್ನಾ, ಕೋಳಿ ಸಾರು ಮಾಡಿದ್ದೆ. ಶುಕ್ರವಾರ ಮರಿಯಂಗೆ ಮಾಂಸ ಆಗದು, ಅದು ಈಜಿಪ್ಟಿನ ಕೋಪ್ಟಿಕ್ ಕ್ರೈಸ್ತರ ಕ್ರಮ. ಐರಿನ್ ಕೂಡ ಸಾರಿನ ಡಬ್ಬಿ ಪಕ್ಕಕ್ಕೆ ಸರಿಸಿ, ಮರಿಯಂ ತಂದ ಬೇಳೆವಡೆ ತಿಂದಳು.

"ನಿನಗೆಂತ ಆಯಿತು? ತಪಸ್ಸುಕಾಲ ಇನ್ನೂ ಶುರುವಾಗ್ಲಿಲ್ಲ" ಎಂದೆ.

"ಈ ವಾರ ನಮ್ಮ ಅಂತೋನಿಯ ಹಬ್ಬ" ಎಂದಳು ಮರಿಯಂ. ನಾವು ಮೂವರು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ.

"ಹಬ್ಬ ಜೂನಿನಲ್ಲಲ್ವಾ?"

ಮರಿಯಂ ಪರ್ಸಿನಿಂದ ಚಿಕ್ಕ ಚಿತ್ರವೊಂದನ್ನು ತೆಗೆದಳು. ಎದೆಯವರೆಗೆ ಬಿಳಿ ಗಡ್ಡದ ಮುದುಕ, ಕೈಯಲ್ಲಿ ಕೋಲು.

"ಮಗು ಎಲ್ಲಿ?" ಎಂದು ಕೇಳಿದೆ.

"ಯಾವ ಮಗು?"

ಇದು ಬೇರೆಯೇ ಅಂತೋನಿ. ನಮ್ಮವನಿಗಿಂತ ಎಷ್ಟೋ ಶತಮಾನ ಹಿಂದಿನವನು, ಈಜಿಪ್ಟಿನವನು. ಜಮೀನಿದ್ದ ಮನೆಯ ಹುಡುಗ. ತಂದೆ ತಾಯಿ ತೀರಿಹೋದ ಮೇಲೆ ಒಂದು ದಿನ ಚರ್ಚಿನಲ್ಲಿ "ಇದ್ದದ್ದನ್ನೆಲ್ಲ ಮಾರಿ ಬಡವರಿಗೆ ಕೊಡು" ಎಂಬ ಮಾತು ಕೇಳಿದನಂತೆ. ಕೇಳಿ ಸುಮ್ಮನಿರಲಿಲ್ಲ, ಹಾಗೇ ಮಾಡಿಬಿಟ್ಟ. ಹಳೆಯ ಗೋರಿಯೊಳಗೆ ಕುಳಿತ, ಮರುಭೂಮಿಯ ಪಾಳು ಕೋಟೆಯೊಳಗೆ ಇಪ್ಪತ್ತು ವರ್ಷ ಬಾಗಿಲು ಹಾಕಿಕೊಂಡ. ಕೊನೆಗೆ ಜನ ಬಾಗಿಲು ಮುರಿದು ಅವನನ್ನು ಗುರುವೆಂದರು. "ಇಲ್ಲಿದ್ದ ಸನ್ಯಾಸಿಗಳು ನಮ್ಮ ಪಂಗಡದವರಲ್ಲ ಹಬೀಬ್ತಿ. ಆದರೆ ದಾರಿ ಹಾಕಿಕೊಟ್ಟವನು ಅವನೇ" ಎಂದಳು ಮರಿಯಂ, ಹಬೀಬ್ತಿ ಎಂಬ ಅರಬಿ ಮುದ್ದುಮಾತು ಸೇರಿಸಿ.

ನಾನು ಐರಿನ್ ಮುಖ ನೋಡಿದೆ. "ನೀನು ಪ್ರಾರ್ಥನೆ ಮಾಡ್ತಿದ್ದದ್ದು ಯಾರಿಗೆ?"

"ಇವನಿಗೇ ಅಕ್ಕ." ಅವಳು ಕೊಂಕಣಿಗೆ ತಿರುಗಿದಳು. "ನಾನು ಸಿಸ್ಟರ್ ಆಗ್ಲಿಕ್ಕೆ ಕಾನ್ವೆಂಟಿಗೆ ಹೋಗ್ತೇನೆ. ಹೊರಗೆ ಬರ್ಲಿಕ್ಕಿಲ್ಲದ ಕಾನ್ವೆಂಟ್. ಮೇ ತಿಂಗಳಲ್ಲಿ."

ಅಷ್ಟರವರೆಗೆ ನನ್ನ ಹೊಟ್ಟೆ ಉರಿಯುತ್ತಿದ್ದುದು ಮರಿಯಂಳನ್ನು ಕಂಡು. ಈಗ ಆ ಗಡ್ಡದ ಮುದುಕನನ್ನು ಕಂಡು ಉರಿಯಿತು. ಮರಿಯಂ ಜೊತೆಗಾದರೆ ಜಗಳವಾದರೂ ಆಡಬಹುದು.

"ಅವನಿಗೆ ಮನೆಯಲ್ಲಿ ಯಾರೂ ಇರ್ಲಿಲ್ವಾ?" ಎಂದು ಕೇಳಿದೆ.

"ಒಬ್ಬಳು ತಂಗಿ. ಚಿಕ್ಕವಳು. ಅವಳನ್ನು ದೇವರಿಗೆ ಮುಡಿಪಾದ ಕನ್ಯೆಯರ ಕೈಗೊಪ್ಪಿಸಿ ಹೋದ" ಎಂದಳು ಮರಿಯಂ.

"ತಂಗಿಯನ್ನು ಬಿಟ್ಟು ಹೋದನಾ? ಅವಳಿಗೇನು ಬೇಕಂತ ಯಾರಾದ್ರೂ ಕೇಳಿದ್ರಾ?" ನನ್ನ ದನಿ ಏರಿತು. ಪಿಕಪ್‌ನವನು ತಿರುಗಿ ನೋಡಿದ.

ಐರಿನ್ ನನ್ನ ಕೈ ಹಿಡಿದಳು. "ನೀನು ನನ್ನನ್ನು ಕೇಳಿದ್ಯಾ, ಅಕ್ಕಾ? ಗ್ರೇಸಿಬಾಯಿಯ ಮಗ ಸಂಜೆ ಮೀನಾ ಅಬ್ದುಲ್ಲಾದ ರಿಫೈನರಿಯಿಂದ ಡ್ಯೂಟಿ ಬದಲಾಯಿಸಿ ಬರ್ತಾನಂತೆ. ಭಾವ ಹೇಳಿದ್ರು."

ನಾನು ಕೋಳಿ ಸಾರಿನ ಡಬ್ಬಿ ಮುಚ್ಚಿದೆ.

ಮಧ್ಯಾಹ್ನದ ಫೆರಿಯಲ್ಲಿ ಮರಿಯಂ ತಾನಾಗಿ ಕೆಳಗೆ ಹೋದಳು. ಮೇಲಿನ ಡೆಕ್ಕಿನಲ್ಲಿ ಐರಿನ್ ನನ್ನ ಪಕ್ಕ ಕುಳಿತಳು. ಶಾಲು ಈಗ ನಮ್ಮಿಬ್ಬರ ಮೇಲಿತ್ತು. ಅಷ್ಟಕ್ಕೇ ಖುಷಿಯಾದದ್ದು ನಿಜ. ಸಾಲ್ಮಿಯಾದ ಕಟ್ಟಡಗಳು ಕಾಣಿಸಿದಾಗ ಗ್ರೇಸಿಬಾಯಿಗೆ ಫೋನ್ ಮಾಡಿ, ಇವತ್ತು ಬರುವುದಿಲ್ಲ, ಮುಂದೆಯೂ ಆಗಲಿಕ್ಕಿಲ್ಲ ಎಂದೆ.

"ಎಂತ ಬಾಯಿ, ಬೇರೆ ಸಂಬಂಧ ಬಂತಾ?"

"ಹೌದು."

"ನಮ್ಮವರೇನಾ? ಯಾವ ಊರು?"

ಹಿಂದೆ ತಿರುಗಿ ನೋಡಿದೆ. ದ್ವೀಪ ಒಂದು ಗೆರೆಯಷ್ಟೇ ಉಳಿದಿತ್ತು. ಐರಿನ್ ನನ್ನ ಬಾಯಿ ನೋಡುತ್ತಿದ್ದಳು.

"ಈಜಿಪ್ಟಿನವರು. ವಯಸ್ಸು ಸ್ವಲ್ಪ ಹೆಚ್ಚು" ಎಂದೆ.

ಐರಿನ್ ಶಾಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು, ಅತ್ತಳು. ನಾನು ನಗಲಿಲ್ಲ. ಅಂಥ ವರನ ಮುಂದೆ ನನ್ನದೇನು ನಡೆಯುತ್ತದೆ?