ಬೆಟ್ಟಮ್ಮನ ಕೈಗುಣ

ಮಳವಳ್ಳಿ ಸೀಮೆಯ ಆ ಊರಿನಲ್ಲಿ ರೇಷ್ಮೆಹುಳು ಸಾಕುವ ಮನೆಗಳು ಹನ್ನೊಂದು. ಮೊಟ್ಟೆಯೊಡೆದ ದಿನ ಯಾವ ಮನೆಗಾದರೂ ಬೆಟ್ಟಮ್ಮನೇ ಹೋಗಬೇಕು. ಆ ಮನೆಯವರ ತೋಟದಿಂದ ಮೊದಲ ಮಂಕರಿ ಹಿಪ್ಪುನೇರಳೆ ಸೊಪ್ಪನ್ನು ಅವಳೇ ಕೊಯ್ದು, ಸಣ್ಣಗೆ ಹೆಚ್ಚಿ, ಮರಿಹುಳುಗಳ ಮೇಲೆ ಉದುರಿಸಬೇಕು. ಅವಳ ಕೈಗುಣ ಅಂಥದೆಂದು ಊರು ನಂಬಿತ್ತು. ಮದುವೆ, ನಾಮಕರಣಗಳಲ್ಲಿ ಹಿತ್ತಿಲ ಕಡೆ ನಿಲ್ಲುತ್ತಿದ್ದ ಆ ವಿಧವೆಯನ್ನು ಮುಂಬಾಗಿಲಿನಿಂದ ಕರೆಯುತ್ತಿದ್ದುದು ಆ ಒಂದು ಕೆಲಸಕ್ಕೆ ಮಾತ್ರ.

ಯುದ್ಧ ನಡೆಯುತ್ತಿದ್ದ ವರ್ಷ. ಕಾರ್ತಿಕದ ಒಂದು ಮುಂಜಾನೆ ಅವಳ ತುಂಡು ತೋಟದಲ್ಲಿ ಬಲಿತ ಎಲೆಗಳ ಹಿಂಬದಿ ಅಕ್ಕಿಹಿಟ್ಟು ಚೆಲ್ಲಿದಂತೆ ಬೆಳ್ಳಗಿತ್ತು. ದಾರಿಯ ಧೂಳೆಂದುಕೊಂಡು ಹೆಬ್ಬೆರಳಿನಿಂದ ಒರೆಸಿದಳು. ಅದೇ ಕೈಯಲ್ಲಿ, ಅಂದು ಮೊಟ್ಟೆಯೊಡೆದಿದ್ದ ಮಂಗಳಮ್ಮನ ಮನೆಯ ತೋಟಕ್ಕೆ ಸೊಪ್ಪು ಕೊಯ್ಯಲು ಹೋದಳು. ಎರಡು ದಿನ ಬಿಟ್ಟು ಮರಿಸಿದ್ದಯ್ಯನ ತೋಟಕ್ಕೆ.

ನಾಲ್ಕನೆಯ ಜ್ವರ ಬಿಟ್ಟು, ಪೊರೆ ಕಳಚಿ ಎದ್ದ ಹುಳು ಸೊಪ್ಪು ಮೇಯುವಾಗ ಮನೆಯೊಳಗೆ ಜಿಟಿಮಳೆ ಹಿಡಿದಂತೆ ಸದ್ದಿರುತ್ತದೆ. ಆ ಸಲ ಮಂಗಳಮ್ಮನ ಮನೆ ಸುಮ್ಮನಿತ್ತು. ಹುಳುಗಳು ಎಲೆಯನ್ನು ಕಚ್ಚಿ, ಬಿಟ್ಟು, ತಲೆಯೆತ್ತಿಕೊಂಡು ಕೂತಿದ್ದವು.

ಹುಳು ಗೂಡು ಕಟ್ಟಿದ ಮೇಲೆ, ಮಳವಳ್ಳಿಯಲ್ಲಿ ನೂಲು ತೆಗೆಯುತ್ತಿದ್ದ ಪೀರ್ ಪಾಷಾ ಮಂಗಳಮ್ಮನ ಮನೆಗೆ ಬಂದು ಒಂದು ಗೂಡನ್ನು ಎರಡು ಬೆರಳಲ್ಲಿ ಅಮುಕಿ ನೋಡಿದ.

"ಹಪ್ಪಳ ಆಗೈತಲ್ಲ ಬೆಟ್ಟಮ್ಮಕ್ಕ. ಇದು ಯುದ್ಧದ ಕೊಡೆಗೆ ಹೋಗೋ ನೂಲು. ಇದನ್ನ ನಂಬ್ಕೊಂಡು ವಿಮಾನದಿಂದ ಹಾರಿದ್ರೆ, ಸಿಪಾಯಿ ನೆಲ ಮುಟ್ಟಿದ ಮೇಲೆ ಕೊಡೆ ಬಿಚ್ಕೋತದೆ."

ಗೂಡು ನೋಡಲು ಸೇರಿದ್ದವರೆಲ್ಲ ನಕ್ಕರು. ಬೆಟ್ಟಮ್ಮ ನಗಲಿಲ್ಲ.

ಅಂದು ಮಧ್ಯಾಹ್ನ ಒಬ್ಬಳೇ ತೋಟ ತೋಟ ತಿರುಗಿದಳು. ಎಲ್ಲ ಕಡೆಯೂ ಎಲೆಯ ಹಿಂದಿನ ಬಿಳಿ ಬೂಷ್ಟು ಬದುವಿನ ಪಕ್ಕದ ಸಾಲಿನಿಂದಲೇ ಮೊದಲಾಗಿತ್ತು. ಅವಳು ಮೊದಲ ಮಂಕರಿ ಕೊಯ್ದ ಸಾಲು ಅದು. ಮಂಗಳಮ್ಮನಲ್ಲಿ ದಟ್ಟ, ಮರಿಸಿದ್ದಯ್ಯನಲ್ಲಿ ಸ್ವಲ್ಪ ತೆಳು, ಆಮೇಲೆ ಹೋದ ತೋಟದಲ್ಲಿ ಇನ್ನೂ ತೆಳು. ಅವಳ ಹೆಜ್ಜೆ ಹಿಡಿದೇ ಬಂದ ಹಾಗಿತ್ತು.

ನಾಲೆಯಾಚೆ, ಊರಿಗೆ ಸೊಸೆಯಾಗಿ ಬಂದಿದ್ದ ಪಟ್ಟಲಮ್ಮನ ಹೊಸ ತೋಟ ಮಾತ್ರ ಹಸಿರಾಗಿ ಉಳಿದಿತ್ತು. ಅವಳಿಗೆ ಅದೇ ಮೊದಲ ಬೆಳೆ; ಬೆಟ್ಟಮ್ಮ ಆ ತೋಟಕ್ಕೆ ಇನ್ನೂ ಕಾಲಿಟ್ಟಿರಲಿಲ್ಲ. ಪುಷ್ಯದಲ್ಲಿ ಒಂದು ಬೆಳಿಗ್ಗೆ, ಬೆಟ್ಟಮ್ಮ ತನ್ನ ತೋಟದ ಬೆಳ್ಳಗಾದ ಗಿಡಗಳನ್ನು ಕಡಿದು ಹಾಕಿ, ಕೈಯನ್ನೂ ತೊಳೆಯದೆ ಜಗುಲಿಯಲ್ಲಿ ಕೂತಿದ್ದಾಗ, ಆ ಹುಡುಗಿ ಮಂಕರಿ ಹಿಡಿದು ಬಂದಳು.

"ಮೊಟ್ಟೆ ಒಡೆದವೆ ಅತ್ತೆ. ಏಳು, ಒತ್ತಾಯ್ತು."

"ನೀನೇ ಕುಯ್ಕೊ ಓಗವ್ವ. ನಾನು ಬರಾಕಿಲ್ಲ."

"ಚೆನ್ನಾಗೈತೆ. ನಿನ್ನ ಕೈ ಸೊಪ್ಪು ಬೀಳ್ದೆ ಮನೇಲಿ ನಮ್ಮತ್ತೆ ಉಳದ ತಟ್ಟೆ ಮುಟ್ಟಾಕೆ ಬುಟ್ಟಾಳಾ?"

"ಈ ಕೈಯಿಂದ್ಲೇ ಊರ ಸೊಪ್ಪೆಲ್ಲ ಬೆಳ್ಳಗಾಗಿರೋದು ಕಣವ್ವ. ಇನ್ನು ಯಾರೂ ನನ್ನ ಕರೀಬ್ಯಾಡಿ."

ಹೇಳಿ ಬೆಟ್ಟಮ್ಮ ಎರಡೂ ಅಂಗೈ ಅವಳ ಮುಂದೆ ಚಾಚಿ ತೋರಿಸಿದಳು. ಪಟ್ಟಲಮ್ಮ ಮಾತ್ರ ನಕ್ಕಳು.

"ನಾಲೆ ದಾಟಾಕೆ ಸೋಂಬೇರಿತನ ಅಂತ ಏಳು. ಬರದಿದ್ರೆ ಬುಡು, ಗುಣನಾದ್ರೂ ಕೊಡು." ಬಗ್ಗಿ, ಬೆಟ್ಟಮ್ಮ ಸೆಳೆದುಕೊಳ್ಳುವ ಮೊದಲೇ ಅವಳ ಎರಡು ಅಂಗೈಗೂ ತನ್ನ ಅಂಗೈ ಒತ್ತಿ ಉಜ್ಜಿಕೊಂಡಳು.

"ತೊಳ್ಕೊಂಡು ಓಗೇ."

"ತೊಳುದ್ರೆ ಗುಣ ಓಯ್ತದೆ ಕಣತ್ತೆ."

ಹುಡುಗಿ ನಾಲೆ ದಾಟಿದಳು. ಬದುವಿನ ಪಕ್ಕದ ಮೊದಲ ಸಾಲಿಗೆ ಬಗ್ಗಿ, ಒಂದೊಂದೇ ಎಲೆ ಕೀಳತೊಡಗಿದಳು.